ಲೂಸಿ, ವರ್ವಾರಾ, ನಿಕೋಲಾ: ಸ್ಲಾವ್ ಜನಪದದ ಚಳಿಗಾಲದ ಸಂತರ ದಿನಗಳು ಮತ್ತು ಹವಾಮಾನದ ಗಾದೆಗಳು

ಋತುಸಂಧಿ ಬರೆದಿದ್ದಾರೆ:

ಮಾನ್ಯ ಸದಸ್ಯರೇ, ಸ್ಲಾವ್ ಜನರ (ರಷ್ಯನ್, ಪೋಲಿಷ್, ಚೆಕ್, ಬಲ್ಗೇರಿಯನ್ ಮುಂತಾದವರ) ಚಳಿಗಾಲದ ಆಚರಣೆಗಳನ್ನು ಕುರಿತು ಓದುತ್ತಿರುವಾಗ ಎದುರಾದ ಒಂದು ತೊಡಕನ್ನು ಬಿಡಿಸಿಕೊಳ್ಳಲು ನಿಮ್ಮ ನೆರವು ಬೇಕಾಗಿದೆ.

ಆ ನಾಡುಗಳಲ್ಲಿ ನವೆಂಬರ್ ಕೊನೆಯಿಂದ ಸಂತರ ದಿನಗಳು ಒಂದರ ಹಿಂದೊಂದು ಬರುತ್ತವೆ. ನವೆಂಬರ್ 25ಕ್ಕೆ ಕ್ಯಾಥರೀನ್, 30ಕ್ಕೆ ಅಂದ್ರೇಯ, ಡಿಸೆಂಬರ್ 4ಕ್ಕೆ ಬಾರ್ಬರಾ (ರಷ್ಯಾ, ಉಕ್ರೇನ್‌ಗಳಲ್ಲಿ ಈಕೆಯನ್ನು ವರ್ವಾರಾ ಎನ್ನುತ್ತಾರೆ), 5ಕ್ಕೆ ಸಾವಾ, 6ಕ್ಕೆ ನಿಕೋಲಾ, 12ಕ್ಕೆ ಸ್ಪಿರಿದೋನ್, 13ಕ್ಕೆ ಲೂಸಿ, 20ಕ್ಕೆ ಇಗ್ನಾತಿ. ಇವು ಚರ್ಚಿನ ಪಟ್ಟಿಯಲ್ಲಿರುವ ತಾರೀಖುಗಳು. ಹಳ್ಳಿಯ ರೈತನು ಕೆಲಸ, ಸಾಲ, ಮದುವೆ ಎಲ್ಲವನ್ನೂ ಈ ಹೆಸರುಗಳ ಮೇಲೆಯೇ ಲೆಕ್ಕ ಹಾಕುತ್ತಿದ್ದನು. ಅವನ ಮಟ್ಟಿಗೆ 'ನಿಕೋಲಾ ಕಳೆದ ಮೇಲೆ', 'ಲೂಸಿಗೆ ಮುಂಚೆ' ಎಂಬುದೇ ತಾರೀಖು.

ನನಗೆ ಅಚ್ಚರಿಯಾದದ್ದು, ಹಗಲು ಬೆಳೆಯತೊಡಗುತ್ತದೆ ಎಂಬ ಒಂದೇ ಮಾತನ್ನು ಇವರಲ್ಲಿ ಹಲವರ ತಲೆಗೆ ಕಟ್ಟಿರುವುದು. ಸಂತ ಲೂಸಿ ಹಗಲಿಗೆ ಒಂದಿಷ್ಟು ಸೇರಿಸುತ್ತಾಳೆ ಎಂಬುದು ಪೋಲೆಂಡಿನ ಗಾದೆ. ಲೂಸಿ ರಾತ್ರಿಯನ್ನು ಒಂದು ಗುಟುಕು ಕುಡಿಯುತ್ತಾಳೆ, ಆದರೆ ಹಗಲಿಗೆ ಏನನ್ನೂ ಸೇರಿಸುವುದಿಲ್ಲ ಎಂದು ಚೆಕ್ ಜನರು ಹೇಳುತ್ತಾರೆ. ವರ್ವಾರಾ ರಾತ್ರಿಯಿಂದ ಒಂದು ಚೂರು ಹರಿದು ಹಗಲಿಗೆ ಜೋಡಿಸುತ್ತಾಳೆ ಎಂಬ ಮಾತು ಉಕ್ರೇನಿನಲ್ಲೂ ರಷ್ಯಾದಲ್ಲೂ ಇದೆ. ಬಲ್ಗೇರಿಯಾದಲ್ಲಿ ಅಂದ್ರೇಯನ ದಿನ ಜೋಳ, ಗೋಧಿ, ಬೇಳೆಗಳನ್ನು ಒಟ್ಟಿಗೆ ಬೇಯಿಸಿ, ಕಾಳು ಉಬ್ಬಿದಂತೆ ಹಗಲೂ ಉಬ್ಬಲಿ ಎಂದು ಹಾರೈಸುತ್ತಾರೆ. ಮತ್ತೆ ಇಗ್ನಾತಿಯ ದಿನವೂ ಹಗಲು ರಾಗಿಯಂತಹ ಕಿರುಧಾನ್ಯದ ಒಂದು ಕಾಳಿನಷ್ಟು ಬೆಳೆಯಿತು ಎನ್ನುತ್ತಾರೆ. ರಷ್ಯನ್ನರಂತೂ ಸ್ಪಿರಿದೋನನಿಗೆ 'ಸೂರ್ಯನನ್ನು ತಿರುಗಿಸುವವನು' ಎಂಬ ಬಿರುದನ್ನೇ ಕೊಟ್ಟಿದ್ದಾರೆ.

ಸೂರ್ಯನು ತಿರುಗುವುದು ವರ್ಷಕ್ಕೆ ಒಂದೇ ದಿನ, ಡಿಸೆಂಬರ್ 21 ಅಥವಾ 22ರಂದು. ಹಾಗಿರುವಾಗ ನವೆಂಬರ್ 30ರಿಂದ ಡಿಸೆಂಬರ್ 20ರವರೆಗೆ ಹರಡಿಕೊಂಡ ಐವರು ಸಂತರಿಗೆ ಆ ಕೀರ್ತಿ ಹಂಚಿಹೋದದ್ದು ಹೇಗೆ? ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಮಂಜಿನಲ್ಲಿ ಬದುಕಿದ ರೈತನಿಗೆ ಹಗಲಿನ ಅಳತೆ ತಿಳಿಯದೆ ಇರಲು ಸಾಧ್ಯವಿಲ್ಲ.

ಪಂಚಾಂಗಾಸಕ್ತ ಬರೆದಿದ್ದಾರೆ:

ಋತುಸಂಧಿ ಅವರೇ, ನಿಮ್ಮ ಪ್ರಶ್ನೆಗೆ ಉತ್ತರದ ಬಹುಪಾಲು ಕ್ಯಾಲೆಂಡರಿನಲ್ಲಿಯೇ ಇದೆ. ಈ ಗಾದೆಗಳು ಹುಟ್ಟಿದ ಕಾಲದಲ್ಲಿ ಯುರೋಪಿನಲ್ಲಿ ಇದ್ದದ್ದು ಜೂಲಿಯನ್ ಪದ್ಧತಿ. ಅದರ ವರ್ಷ 365 ದಿನ 6 ಗಂಟೆ. ಋತುಚಕ್ರದ ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಈ ಸಣ್ಣ ಅಂತರ ಸುಮಾರು 128 ವರ್ಷಗಳಿಗೆ ಒಂದು ದಿನವಾಗಿ ಬೆಳೆಯುತ್ತದೆ. ಆದ್ದರಿಂದ ಜೂಲಿಯನ್ ತಾರೀಖಿನ ಪ್ರಕಾರ ಅತಿ ಚಿಕ್ಕ ಹಗಲು ಶತಮಾನದಿಂದ ಶತಮಾನಕ್ಕೆ ಹಿಂದೆ ಸರಿಯುತ್ತಾ ಬಂದಿತು.

14ನೆಯ ಶತಮಾನದಲ್ಲಿ ಅದು ಡಿಸೆಂಬರ್ 13ರ ಹತ್ತಿರ ಇತ್ತು, ಅಂದರೆ ಸರಿಯಾಗಿ ಲೂಸಿಯ ದಿನ. 16 ಮತ್ತು 17ನೆಯ ಶತಮಾನಗಳಲ್ಲಿ ಡಿಸೆಂಬರ್ 11 ಅಥವಾ 12ಕ್ಕೆ ಬಂದಿತ್ತು, ಅಂದರೆ ಸ್ಪಿರಿದೋನನ ದಿನ. ಇನ್ನೂ ಹಿಂದೆ, 4ನೆಯ ಶತಮಾನದ ಸುಮಾರಿಗೆ, ಡಿಸೆಂಬರ್ 20 ಅಥವಾ 21ರಲ್ಲಿ ಇತ್ತು; ಅದು ಇಗ್ನಾತಿಯ ಆಸುಪಾಸು. ಗಾದೆ ಇಂತಹ ಶತಮಾನದಲ್ಲಿಯೇ ಹುಟ್ಟಿತು ಎಂದು ಇದರಿಂದ ಸಾಧಿಸಲು ಬರುವುದಿಲ್ಲ. ಆದರೆ ಈ ಸಂತರಲ್ಲಿ ಮೂವರಿಗಾದರೂ ಒಂದಲ್ಲ ಒಂದು ಕಾಲದಲ್ಲಿ ಆ ಹೊಣೆ ನ್ಯಾಯವಾಗಿಯೇ ಸಲ್ಲುತ್ತಿತ್ತು ಎಂಬುದು ಖಚಿತ.

ಮುಂದಿನದು ಇನ್ನೂ ಮುಖ್ಯ. ಪೋಲೆಂಡಿನಲ್ಲಿ 1582ರ ಅಕ್ಟೋಬರ್ 4ರ ಮರುದಿನವನ್ನೇ 15 ಎಂದು ಎಣಿಸಿ, ಇಂದು ನಾವೆಲ್ಲ ಬಳಸುವ ಗ್ರೆಗೋರಿಯನ್ ಪದ್ಧತಿಯನ್ನು ಜಾರಿಗೆ ತಂದರು. ಬೊಹೀಮಿಯಾ (ಇಂದಿನ ಚೆಕ್ ನಾಡಿನ ಪಶ್ಚಿಮ ಭಾಗ) 1584ರಲ್ಲಿ ಅದನ್ನು ಒಪ್ಪಿತು. ರಷ್ಯಾದ ಆಡಳಿತ 1918ರವರೆಗೂ ಹಳೆಯದನ್ನೇ ಹಿಡಿದುಕೊಂಡಿತ್ತು, ಅಲ್ಲಿನ ಚರ್ಚು ಇಂದಿಗೂ ಹಿಡಿದುಕೊಂಡಿದೆ. ಬಲ್ಗೇರಿಯಾದ ಸರ್ಕಾರ 1916ರಲ್ಲಿ ಬದಲಾಯಿಸಿತು, ಅಲ್ಲಿನ ಚರ್ಚು 1968ರಲ್ಲಿ. ಸರ್ಬಿಯಾದ ಚರ್ಚು ಹಳೆಯದರಲ್ಲೇ ಇದೆ. ಈಗ ಎರಡು ಪದ್ಧತಿಗಳ ನಡುವೆ 13 ದಿನಗಳ ಅಂತರವಿರುವುದರಿಂದ ಬಲ್ಗೇರಿಯಾದಲ್ಲಿ ನಿಕೋಲಾ ಡಿಸೆಂಬರ್ 6ಕ್ಕೆ ಬಂದರೆ, ಗಡಿ ದಾಟಿ ಸರ್ಬಿಯಾಕ್ಕೆ ಹೋದವರಿಗೆ ಅದೇ ಹಬ್ಬ ಡಿಸೆಂಬರ್ 19ಕ್ಕೆ ಮತ್ತೆ ಸಿಗುತ್ತದೆ. ಕ್ಯಾಲೆಂಡರು ಜರುಗಿದಾಗ ಗಾದೆಯು ಆಕಾಶದ ಜೊತೆ ನಿಲ್ಲಲಿಲ್ಲ, ಸಂತನ ಹೆಸರಿನ ಜೊತೆ ಹೊರಟುಹೋಯಿತು. ಹಾಗಾಗಿ ಯಾವುದೇ ಗಾದೆಯನ್ನು ತೂಗುವ ಮೊದಲು ಅದು ಯಾವ ಊರಿನದು, ಯಾವ ಕಾಲದಲ್ಲಿ ಬರೆದುಕೊಂಡದ್ದು, ಯಾವ ಪದ್ಧತಿಯ ತಾರೀಖು ಎಂದು ಕೇಳಲೇಬೇಕು.

ಬ್ರನೋ ಕನ್ನಡತಿ ಬರೆದಿದ್ದಾರೆ:

ಪಂಚಾಂಗಾಸಕ್ತ ಸರ್, ನಿಮ್ಮ ವಿವರಣೆ ಸರಿ. ಆದರೆ ಲೂಸಿಯ ಚೆಕ್ ಗಾದೆಗೆ ಹಳೆಯ ಕ್ಯಾಲೆಂಡರಿನ ಆಸರೆಯೂ ಬೇಕಾಗಿಲ್ಲ. ಅದು ಇಂದಿನ ತಾರೀಖಿಗೂ ಅಕ್ಷರಶಃ ಹೊಂದುತ್ತದೆ. ನಾನು ಇರುವ ಮೊರಾವಿಯಾ (ಚೆಕ್ ನಾಡಿನ ಪೂರ್ವ ಭಾಗ) ಮತ್ತು ಪ್ರಾಗ್ ಎರಡೂ ಹೆಚ್ಚುಕಡಿಮೆ 50 ಡಿಗ್ರಿ ಉತ್ತರ ಅಕ್ಷಾಂಶದ ನೆರೆಯಲ್ಲಿವೆ. ಇಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ಡಿಸೆಂಬರ್ 21ರಂದು ಅಲ್ಲ, 12 ಅಥವಾ 13ರಂದು. ಪ್ರಾಗ್‌ನಲ್ಲಿ ಆಗ ಸಂಜೆ ಸುಮಾರು 4 ಗಂಟೆ. ಅತಿ ತಡವಾಗಿ ಹುಟ್ಟುವುದು ವರ್ಷದ ಕೊನೆಯ ದಿನಗಳಲ್ಲಿ, ಬೆಳಿಗ್ಗೆ ಸುಮಾರು 8 ಗಂಟೆಗೆ. ಅಂದರೆ ಲೂಸಿಯ ದಿನ ದಾಟಿದೊಡನೆ ಸಂಜೆ ನಿಧಾನವಾಗಿ ಹಿಗ್ಗತೊಡಗುತ್ತದೆ, ಆದರೆ ಬೆಳಗಿನ ಕಡೆಯಿಂದ ಅದಕ್ಕಿಂತ ಹೆಚ್ಚು ಹೊತ್ತು ಕಳೆದುಹೋಗುತ್ತಿರುವುದರಿಂದ ಒಟ್ಟು ಹಗಲು ಇನ್ನೂ ಒಂದು ವಾರ ಕುಗ್ಗುತ್ತಲೇ ಇರುತ್ತದೆ. ರಾತ್ರಿಯನ್ನು ಕುಡಿಯುತ್ತಾಳೆ, ಹಗಲಿಗೆ ಸೇರಿಸುವುದಿಲ್ಲ ಎಂಬ ಮಾತಿನ ಎರಡು ಭಾಗಗಳೂ ಅಲ್ಲಿಗೆ ನಿಜವಾದಂತಾಯಿತು.

ಕಾರಣವೂ ಸರಳವೇ. ಭೂಮಿಯ ಅಕ್ಷ ವಾಲಿದೆ, ಜೊತೆಗೆ ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪ ಇರುವುದರಿಂದ ಆಗ ಅದರ ಓಟ ಚುರುಕಾಗಿರುತ್ತದೆ. ಇವೆರಡೂ ಸೇರಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವ ಮಧ್ಯಾಹ್ನದ ಹೊತ್ತು ಗಡಿಯಾರದ ಲೆಕ್ಕದಲ್ಲಿ ದಿನಕ್ಕೆ ಸುಮಾರು ಅರ್ಧ ನಿಮಿಷದಷ್ಟು ತಡವಾಗಿ ಜರುಗುತ್ತದೆ. ಸೂರ್ಯೋದಯ ಮತ್ತು ಸೂರ್ಯಾಸ್ತಗಳೂ ಅದರ ಜೊತೆಗೆ ಜರುಗುತ್ತವೆ.

ಇಲ್ಲಿನ ಇನ್ನೊಂದು ಆಚರಣೆಯನ್ನು ಹತ್ತಿರದಿಂದ ನೋಡಿದ್ದೇನೆ. ಡಿಸೆಂಬರ್ 4ರಂದು, ಅಂದರೆ ಬಾರ್ಬರಾ ದಿನ, ಚೆರ್ರಿ ಮರದ ಒಂದು ಕೊಂಬೆಯನ್ನು ಕತ್ತರಿಸಿ ತಂದು ಬೆಚ್ಚಗಿನ ಕೋಣೆಯಲ್ಲಿ ನೀರಿನ ಹೂಜಿಯಲ್ಲಿ ನಿಲ್ಲಿಸುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಅದು ಅರಳಿದರೆ ಮನೆಯ ಹುಡುಗಿಗೆ ಬರುವ ವರ್ಷ ಮದುವೆ ಎಂಬುದು ನಂಬಿಕೆ. ನಮ್ಮ ಪಕ್ಕದ ಮನೆಯ ಅಜ್ಜಿ ಕೊಂಬೆಯ ಕೆಳತುದಿಯನ್ನು ಓರೆಯಾಗಿ ಕೊಯ್ದು, ಇಡೀ ಕೊಂಬೆಯನ್ನು ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಮಲಗಿಸಿ, ಮರುದಿನ ನಿಲ್ಲಿಸುತ್ತಾರೆ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಾಯಿಸುತ್ತಾರೆ. ಮೊದಲು ಮೊಗ್ಗಿನ ಕಂದು ಪೊರೆ ಬಿರಿದು ಹಸಿರು ತುದಿ ಇಣುಕುತ್ತದೆ, ಆಮೇಲೆ ಬಿಳಿ ಎಸಳು. ಕತ್ತರಿಸುವ ಮೊದಲು ಮರಕ್ಕೆ ಒಳ್ಳೆಯ ಮಂಜು ಬಿದ್ದಿರಬೇಕು ಎಂದು ಅವರು ಒತ್ತಿ ಹೇಳುತ್ತಾರೆ, ಮತ್ತು ಅದು ಸಸ್ಯಶಾಸ್ತ್ರಕ್ಕೆ ಪೂರ್ತಿ ಒಪ್ಪುವ ಮಾತು. ಚೆರ್ರಿಯ ಮೊಗ್ಗು ನಿದ್ದೆಯಿಂದ ಏಳಬೇಕಾದರೆ ಸೊನ್ನೆಗಿಂತ ತುಸು ಮೇಲಿನ ಚಳಿಯನ್ನು ನೂರಾರು ಗಂಟೆಗಳ ಕಾಲ ಉಂಡಿರಬೇಕು. ಶರತ್ಕಾಲ ಬೆಚ್ಚಗಿದ್ದ ವರ್ಷ ಕೊಂಬೆ ಅರಳದೆ ಉಳಿಯಬಹುದು. ಬರುವ ವರ್ಷದ ಮದುವೆಯನ್ನು ಅದು ಹೇಳೀತೋ ಇಲ್ಲವೋ, ಕಳೆದ ಎರಡು ತಿಂಗಳ ಚಳಿಯ ಲೆಕ್ಕವನ್ನಂತೂ ಹೇಳುತ್ತದೆ.

ಹಾಸನದ ಓದುಗ ಬರೆದಿದ್ದಾರೆ:

ಮೇಡಂ, ನಿಮ್ಮ ಬರಹದಿಂದ ಒಂದು ಅನುಮಾನ ಹುಟ್ಟಿತು. ನಮ್ಮಲ್ಲಿಯೂ ಸಂಕ್ರಾಂತಿಯ ಹೊತ್ತಿಗೆ ಸಂಜೆ ಹಿಗ್ಗಿರುತ್ತದೆ, ಬೆಳಿಗ್ಗೆ ಮಾತ್ರ ಕತ್ತಲೆ ಬಿಡುವುದಿಲ್ಲ. ಇದಕ್ಕೂ ಅದೇ ಕಾರಣವೇ? ಉತ್ತರಾಯಣ ಡಿಸೆಂಬರಿನಲ್ಲೇ ಶುರುವಾಗುವುದಾದರೆ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಬರುವುದೂ ಸ್ಪಿರಿದೋನನ ಕಥೆಯೇ ಆಯಿತಲ್ಲವೇ?

ಪಂಚಾಂಗಾಸಕ್ತ ಬರೆದಿದ್ದಾರೆ:

ಕಾರಣ ಅದೇ. ಸಮಭಾಜಕಕ್ಕೆ ಹತ್ತಿರವಾದಷ್ಟೂ ಆ ಎರಡು ತುದಿಗಳು ಡಿಸೆಂಬರ್ 21ರಿಂದ ದೂರ ಸರಿಯುತ್ತವೆ. ಬೆಂಗಳೂರಿನಲ್ಲಿ ಅತಿ ಬೇಗನೆಯ ಸೂರ್ಯಾಸ್ತ ನವೆಂಬರ್ ಮೂರನೆಯ ನಾಲ್ಕನೆಯ ವಾರದಲ್ಲಿ, ಅತಿ ತಡವಾದ ಸೂರ್ಯೋದಯ ಜನವರಿ ಮೂರನೆಯ ನಾಲ್ಕನೆಯ ವಾರದಲ್ಲಿ ಬರುತ್ತದೆ. ಸಂಕ್ರಾಂತಿಯ ವಿಷಯದಲ್ಲಿ ಫಲ ಒಂದೇ ಬಗೆಯದು, ಕಾರಣ ಬೇರೆ. ನಮ್ಮ ಸೌರ ಪಂಚಾಂಗ ನಕ್ಷತ್ರಗಳನ್ನು ನೆಚ್ಚಿಕೊಂಡಿದೆ, ಅಯನಾಂಶದಿಂದಾಗಿ (ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಬೆಳೆಯುವ ಅಂತರ) ಸುಮಾರು 71 ವರ್ಷಗಳಿಗೆ ಒಂದು ದಿನ ಋತುಗಳಿಂದ ಸರಿಯುತ್ತದೆ. ಜೂಲಿಯನ್ ಪದ್ಧತಿಯಲ್ಲಿ ಉತ್ತರಾಯಣವು ಸಂತರ ದಿನಗಳನ್ನು ಬಿಟ್ಟು ಹಿಂದೆ ಸರಿದಂತೆ ಇಲ್ಲಿ ಮಕರ ಸಂಕ್ರಾಂತಿಯನ್ನು ಬಿಟ್ಟು ಹಿಂದೆ ಸರಿದಿದೆ. ಇದನ್ನು ಬೆಳೆಸಿದರೆ ಬೇರೆ ಚರ್ಚೆಯಾದೀತು. ಸ್ಲಾವ್ ಸಂತರ ಕಡೆಗೇ ಮರಳೋಣ.

ಜನಪದ ವಿದ್ಯಾರ್ಥಿ ಬರೆದಿದ್ದಾರೆ:

ಇಲ್ಲಿಯವರೆಗಿನ ಚರ್ಚೆ ಸೂರ್ಯನ ಸುತ್ತ ನಡೆದಿದೆ. ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ನೀರಿನ ಸುತ್ತ ಹುಟ್ಟಿದ ಗಾದೆಗಳು. ರಷ್ಯಾದಲ್ಲಿ ವರ್ವಾರಾ, ಸಾವಾ, ನಿಕೋಲಾ ಮೂರೂ ಹಬ್ಬಗಳು ಬೆನ್ನುಬೆನ್ನಿಗೆ ಬರುತ್ತವೆ. ಇಂದಿನ ಲೆಕ್ಕದಲ್ಲಿ ಡಿಸೆಂಬರ್ 17, 18, 19. ವರ್ವಾರಾ ಸೇತುವೆ ಹಾಸುತ್ತಾಳೆ, ಸಾವಾ ಮೊಳೆಗಳನ್ನು ಚೂಪು ಮಾಡುತ್ತಾನೆ, ನಿಕೋಲಾ ಹೊಡೆದು ಬಿಗಿಯುತ್ತಾನೆ ಎಂಬುದು ಅಲ್ಲಿನ ಪ್ರಸಿದ್ಧ ಮಾತು. ಸೇತುವೆ ಎಂದರೆ ನದಿಯ ಮೇಲೆ ಕಟ್ಟುವ ಮಂಜುಗಡ್ಡೆ. ಇದರ ಪಾಠಾಂತರಗಳು ಹಲವು. ರಷ್ಯಾದ ನಿಘಂಟುಕಾರ ವ್ಲಾದಿಮಿರ್ ದಾಲ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಕಲೆಹಾಕಿದ 30,000ಕ್ಕೂ ಹೆಚ್ಚು ಗಾದೆಗಳಲ್ಲಿ ಸಂತರ ದಿನಗಳಿಗೆ ಸೇರಿದವೇ ಒಂದು ದೊಡ್ಡ ರಾಶಿ.

ಈ ಗಾದೆಯ ಹಿಂದೆ ಇದ್ದದ್ದು ಹೊಟ್ಟೆಪಾಡು. ಶರತ್ಕಾಲದಲ್ಲಿ ಮಧ್ಯ ರಷ್ಯಾದ ದಾರಿಗಳೆಲ್ಲ ಕೆಸರಿನ ಹೊಂಡಗಳಾಗಿ ಗಾಡಿ ಹೂತುಹೋಗುತ್ತಿತ್ತು. ಸುಗ್ಗಿ ಮುಗಿದು ಕಣಜ ತುಂಬಿದ್ದರೂ ಧಾನ್ಯವನ್ನು ಪೇಟೆಗೆ ಸಾಗಿಸಲು ಆಗುತ್ತಿರಲಿಲ್ಲ. ನದಿ ಹೆಪ್ಪುಗಟ್ಟಿ, ಅದರ ಮೇಲೆ ಮಂಜು ಬಿದ್ದು ಗಟ್ಟಿಯಾದ ಮೇಲೆಯೇ ಜಾರುಬಂಡಿಗಳು ಹೊರಡುತ್ತಿದ್ದವು. ಹೆಪ್ಪುಗಟ್ಟಿದ ನದಿಯೇ ಆಗ ಹೆದ್ದಾರಿ. ಏರಿಳಿತಗಳಿಲ್ಲದೆ ಒಂದು ಕುದುರೆ ಬೇಸಿಗೆಯಲ್ಲಿ ಎಳೆಯುವುದಕ್ಕಿಂತ ಹೆಚ್ಚು ಭಾರವನ್ನು ಅಲ್ಲಿ ಎಳೆಯುತ್ತಿತ್ತು. ಆದ್ದರಿಂದ ಧಾನ್ಯದ ಬೆಲೆಯನ್ನು ನಿಕೋಲಾ ಸಂತೆ ಕಟ್ಟುತ್ತದೆ ಎಂಬ ಇನ್ನೊಂದು ಗಾದೆ ಹುಟ್ಟಿತು. ದಾರಿ ತೆರೆದ ಕೂಡಲೇ ಎಲ್ಲ ಕಡೆಯ ಮಾಲು ಒಮ್ಮೆಗೇ ಬಂದಿಳಿಯುತ್ತಿದ್ದ ಆ ವಾರದಲ್ಲಿಯೇ ಬೆಲೆ ನಿಲುಗಡೆಗೆ ಬರುತ್ತಿತ್ತು. ನಿಕೋಲಾನ ಹಬ್ಬಕ್ಕೆ ಊರೊಟ್ಟಿನ ಬಿಯರು ಕಾಯಿಸಿ ಹಿರಿಯರು ಮೂರು ನಾಲ್ಕು ದಿನ ಒಟ್ಟಿಗೆ ಉಣ್ಣುತ್ತಿದ್ದುದಕ್ಕೂ ಇದೇ ಹಿನ್ನೆಲೆ. ಕೈಯಲ್ಲಿ ಕಾಸು ಆಡುತ್ತಿದ್ದ ಕಾಲ ಅದು.

ಇದೇ ಮೂವರು ಸರ್ಬಿಯಾದಲ್ಲಿ ಅಡುಗೆಮನೆಗೆ ಬರುತ್ತಾರೆ. ವರ್ವಾರಾ ಬೇಯಿಸುತ್ತಾಳೆ, ಸಾವಾ ತಣ್ಣಗಾಗಿಸುತ್ತಾನೆ, ನಿಕೋಲಾ ಉಣ್ಣುತ್ತಾನೆ ಎಂಬುದು ಅಲ್ಲಿನ ಮಾತು. ಡಿಸೆಂಬರ್ 17ರಂದು ಗೋಧಿ ಮತ್ತು ಬೇಳೆಕಾಳುಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ, ಹಾಗೆಯೇ ಆರಲು ಬಿಟ್ಟು, ಗಟ್ಟಿಯಾದ ಮೇಲ್ಪದರವನ್ನು ನೋಡಿ ಬರುವ ವರ್ಷದ ಬೆಳೆಯನ್ನು ಊಹಿಸುತ್ತಾರೆ. ಈ ಅಡುಗೆಯ ಹೆಸರು ವರಿತ್ಸಾ. ಒಂದೇ ಮೂರು ದಿನಗಳ ಚೌಕಟ್ಟು ವೋಲ್ಗಾ ತೀರದಲ್ಲಿ ಸೇತುವೆಯ ಕಥೆಯಾದದ್ದು, ಹೆಚ್ಚು ಬೆಚ್ಚಗಿರುವ ದಕ್ಷಿಣದಲ್ಲಿ ಕಾಳಿನ ಕಥೆಯಾದದ್ದು ನನಗೆ ಈ ಇಡೀ ವಿಷಯದ ಅತ್ಯಂತ ಚೆಲುವಾದ ಭಾಗವೆಂದು ತೋರುತ್ತದೆ. ಹೆಪ್ಪುಗಟ್ಟದ ನದಿಯ ದಡದಲ್ಲಿ ಮೊಳೆ ಹೊಡೆಯುವ ಸಂತನಿಗೆ ಕೆಲಸವಿರಲಿಲ್ಲ.

ಮೋಡ ಮಾಪಕ ಬರೆದಿದ್ದಾರೆ:

ಎಲ್ಲರ ಬರಹಗಳನ್ನೂ ಗೌರವದಿಂದ ಓದಿದೆ. ಆದರೆ ಹವಾಮಾನಶಾಸ್ತ್ರ ಓದಿದವನಾಗಿ ಒಂದು ಎಚ್ಚರಿಕೆಯನ್ನು ದಾಖಲಿಸಲೇಬೇಕು. ನೀವು ಉಲ್ಲೇಖಿಸಿದ ಗಾದೆಗಳೆಲ್ಲ ನಡೆಯುತ್ತಿರುವುದನ್ನು ವರ್ಣಿಸುತ್ತವೆ. ಮುಂದಾಗುವುದನ್ನು ಹೇಳುತ್ತೇವೆ ಎನ್ನುವ ಗಾದೆಗಳು ಬೇರೆ ಜಾತಿಯವು, ಅವುಗಳಿಗೆ ಇಷ್ಟು ಸಲುಗೆ ಕೊಡಲಾಗದು.

ಪೋಲೆಂಡಿನ ಪ್ರಸಿದ್ಧ ಗಾದೆಯನ್ನು ತೆಗೆದುಕೊಳ್ಳಿ: ಬಾರ್ಬರಾ ಮಂಜುಗಡ್ಡೆಯ ಮೇಲೆ ಬಂದರೆ ಕ್ರಿಸ್‌ಮಸ್ ನೀರಿನ ಮೇಲೆ, ಬಾರ್ಬರಾ ನೀರಿನ ಮೇಲೆ ಬಂದರೆ ಕ್ರಿಸ್‌ಮಸ್ ಮಂಜುಗಡ್ಡೆಯ ಮೇಲೆ. ಇದೇ ಮಾತನ್ನು ಕ್ಯಾಥರೀನ್ ದಿನಕ್ಕೂ ಹೇಳುತ್ತಾರೆ. ನವೆಂಬರ್ 25ಕ್ಕೂ ಡಿಸೆಂಬರ್ 4ಕ್ಕೂ ನಡುವೆ ಒಂಬತ್ತು ದಿನಗಳಿವೆ. ಒಬ್ಬಳು ಮಂಜಿನಲ್ಲಿ, ಇನ್ನೊಬ್ಬಳು ನೀರಿನಲ್ಲಿ ಬಂದ ವರ್ಷ ಯಾರ ಮಾತನ್ನು ನಂಬಬೇಕು? ಮೊದಲ ಅರ್ಧಕ್ಕೆ ಒಂದು ಆಧಾರ ಇರಬಹುದು. ಮಧ್ಯ ಯುರೋಪಿನಲ್ಲಿ ಡಿಸೆಂಬರ್ ಮೊದಲ ಭಾಗದ ಚಳಿ ಮುರಿದು, ಕ್ರಿಸ್‌ಮಸ್ ಸುತ್ತಮುತ್ತ ಅಟ್ಲಾಂಟಿಕ್ ಕಡೆಯಿಂದ ಬೆಚ್ಚಗಿನ ಪಶ್ಚಿಮ ಗಾಳಿ ನುಗ್ಗಿ ಮಂಜು ಕರಗುವುದನ್ನು ಜರ್ಮನ್ ಭಾಷೆಯ ಹವಾಮಾನ ತಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಎರಡನೆಯ ಅರ್ಧವಾದರೋ ಪ್ರಾಸಕ್ಕಾಗಿ ಮೊದಲನೆಯದನ್ನು ತಿರುಗಿಸಿ ಇಟ್ಟದ್ದೆಂದೇ ನನ್ನ ಅಭಿಪ್ರಾಯ.

ಪರೀಕ್ಷಿಸಲು ಸಾಮಗ್ರಿ ಇದೆ. ಪ್ರಾಗ್‌ನ ಕ್ಲೆಮೆಂಟಿನಮ್ ವೀಕ್ಷಣಾಲಯದಲ್ಲಿ 1775ರಿಂದ ಒಂದು ದಿನವೂ ತಪ್ಪದಂತೆ ತಾಪಮಾನವನ್ನು ಬರೆದಿಡಲಾಗಿದೆ. ಆದರೆ ಗಾದೆ ಹೇಳುವುದು ತಾಪಮಾನವನ್ನಲ್ಲ, ನದಿಯನ್ನು, ನದಿಯೋ ಬದಲಾಗಿದೆ. ವ್ಲ್ತಾವಾ ನದಿಗೆ ಪ್ರಾಗ್‌ನ ಮೇಲ್ಭಾಗದಲ್ಲಿ ಸಾಲಾಗಿ ಅಣೆಕಟ್ಟುಗಳನ್ನು ಕಟ್ಟಿದರು. ಅವುಗಳಲ್ಲಿ ಒಂದಾದ ಸ್ಲಾಪಿ 1955ರಲ್ಲಿ ಮುಗಿಯಿತು. ಜಲಾಶಯದ ಆಳದಿಂದ ಬಿಡುವ ನೀರು ಚಳಿಗಾಲದಲ್ಲಿ ತುಸು ಬೆಚ್ಚಗಿರುವುದರಿಂದ ನಗರದೊಳಗೆ ನದಿ ಹೆಪ್ಪುಗಟ್ಟುವುದು ಅಪರೂಪವಾಗಿದೆ. ನವೆಂಬರ್ 11ರಂದು ಸಂತ ಮಾರ್ಟಿನ್ ಬಿಳಿ ಕುದುರೆಯ ಮೇಲೆ, ಅಂದರೆ ಮೊದಲ ಮಂಜಿನೊಡನೆ ಬರುತ್ತಾನೆ ಎಂಬ ಚೆಕ್ ಗಾದೆಯ ಸ್ಥಿತಿಯೂ ಇದೇ. ಪ್ರಾಗ್‌ನಂತಹ ತಗ್ಗು ಪ್ರದೇಶದಲ್ಲಿ ಆ ದಿನ ನೆಲದ ಮೇಲೆ ಮಂಜು ಕಾಣುವುದು ವಿರಳ, ಬೆಟ್ಟದ ಊರುಗಳಲ್ಲಿ ಮಾತ್ರ ಆ ಕುದುರೆಗೆ ಅವಕಾಶ ಹೆಚ್ಚು.

ಋತುಸಂಧಿ ಬರೆದಿದ್ದಾರೆ:

ಮೋಡ ಮಾಪಕ ಅವರೇ, ನೀವು ಮಾಡಿದ ವಿಂಗಡಣೆ ನನಗೂ ಒಪ್ಪಿಗೆ. ಲೂಸಿಯ ದಿನದಿಂದ ಕ್ರಿಸ್‌ಮಸ್ ಮುನ್ನಾದಿನದವರೆಗಿನ ಹನ್ನೆರಡು ದಿನಗಳ ಹವೆಯನ್ನು ಬರೆದಿಟ್ಟುಕೊಂಡು, ಒಂದೊಂದು ದಿನವನ್ನೂ ಬರುವ ವರ್ಷದ ಒಂದೊಂದು ತಿಂಗಳಿಗೆ ಸಮೀಕರಿಸುವ ಪದ್ಧತಿ ಪೋಲೆಂಡಿನಲ್ಲಿದೆ. ಸ್ಲೊವಾಕಿಯಾದಲ್ಲಿ ಕ್ರಿಸ್‌ಮಸ್ ಮುನ್ನಾದಿನ ಈರುಳ್ಳಿಯ ಹನ್ನೆರಡು ಪದರಗಳಲ್ಲಿ ಉಪ್ಪು ಹಾಕಿ, ಬೆಳಗಾಗುವಾಗ ಯಾವುದು ನೀರು ಬಿಟ್ಟಿದೆಯೋ ಆ ತಿಂಗಳು ಮಳೆ ಎನ್ನುತ್ತಾರೆ. ಇವು ಮುನ್ಸೂಚನೆಯಾಗಿ ನಿಲ್ಲುವುದಿಲ್ಲ. ಆದರೂ ಇವನ್ನು ಅಲ್ಲಗಳೆದು ಮುಂದೆ ಹೋಗಲಾರೆ. ವರ್ಷವಿಡೀ ಹವೆಯನ್ನೇ ನಂಬಿ ಬದುಕುವವನು ಬಿತ್ತನೆ ಇಲ್ಲದ, ಕೈ ಖಾಲಿಯಿರುವ ಎರಡು ವಾರ ಪ್ರತಿದಿನ ಹೊರಗೆ ಬಂದು ಆಕಾಶ ನೋಡಿ ಗುರುತು ಹಾಕಿಕೊಳ್ಳುತ್ತಿದ್ದ ಎಂಬುದೇ ದೊಡ್ಡ ಸಂಗತಿ. ಕ್ರೊಯೇಷಿಯಾದಲ್ಲಿ ಲೂಸಿಯ ದಿನ ತಟ್ಟೆಯಲ್ಲಿ ಗೋಧಿ ನೆನೆಸಿ ಬಿತ್ತಿ, ಕ್ರಿಸ್‌ಮಸ್ ಹೊತ್ತಿಗೆ ಸಸಿ ಎಷ್ಟು ದಟ್ಟವಾಗಿ ಬಂದಿದೆ ಎಂದು ನೋಡುತ್ತಾರೆ. ಅದನ್ನು ಬಿತ್ತನೆ ಬೀಜದ ಮೊಳಕೆ ಪರೀಕ್ಷೆ ಎಂದು ಯಾವ ಕೃಷಿ ಅಧಿಕಾರಿಯೂ ಒಪ್ಪಿಯಾರು.

ಇನ್ನು ಸ್ಪಿರಿದೋನನ ಗಾದೆಯ ಪೂರ್ಣ ರೂಪವನ್ನು ಗಮನಿಸಿ: ಸೂರ್ಯ ಬೇಸಿಗೆಯ ಕಡೆಗೆ, ಚಳಿಗಾಲ ಕೊರೆಯುವ ಚಳಿಯ ಕಡೆಗೆ. ಹಗಲು ಬೆಳೆಯತೊಡಗಿದ ಮೇಲೆಯೇ ನಿಜವಾದ ಚಳಿ ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳುವುದು ಸುಲಭವಲ್ಲ.

ಮೋಡ ಮಾಪಕ ಬರೆದಿದ್ದಾರೆ:

ಆ ಗಾದೆಗೆ ನನ್ನ ತಕರಾರಿಲ್ಲ. ಅತಿ ಚಿಕ್ಕ ಹಗಲು ಕಳೆದ ಮೇಲೂ ಹಲವು ವಾರಗಳ ಕಾಲ ನೆಲವು ಪಡೆಯುವ ಶಾಖಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಆದ್ದರಿಂದ ಮಾಸ್ಕೋದಲ್ಲಿ ಅತಿ ಚಳಿಯ ತಿಂಗಳುಗಳು ಜನವರಿ ಮತ್ತು ಫೆಬ್ರವರಿ. ಅಲ್ಲಿ ಜನವರಿ 19ರ ಕ್ರಿಸ್ತ ದೀಕ್ಷಾಸ್ನಾನದ ಹಬ್ಬದ ಹೆಸರಿನಲ್ಲಿಯೇ ಒಂದು ಚಳಿಯನ್ನು ಕರೆಯುತ್ತಾರೆ. ಮಾಸ್ಕೋದ ದಾಖಲೆಯ ಕನಿಷ್ಠ ತಾಪಮಾನ, ಮೈನಸ್ 42 ಡಿಗ್ರಿ, ಬಂದದ್ದು 1940ರ ಜನವರಿ 17ರಂದು. ಪ್ರತಿ ವರ್ಷ ಆ ದಿನವೇ ಚಳಿ ಬರಬೇಕೆಂದಿಲ್ಲ. ಬಂದ ವರ್ಷ ಮಾತ್ರ ಜನರ ನೆನಪಿನಲ್ಲಿ ಉಳಿಯುತ್ತದೆ.

ಲ್ವಿವ್ ನೆನಪು ಬರೆದಿದ್ದಾರೆ:

ನಾನು ಉಕ್ರೇನಿನಲ್ಲಿ ವೈದ್ಯಕೀಯ ಓದಿದವನು, ಆದ್ದರಿಂದ ಒಂದು ಹೊಸ ಬೆಳವಣಿಗೆಯನ್ನು ಇಲ್ಲಿ ಸೇರಿಸಬೇಕೆನಿಸಿತು. 2023ರ ಸೆಪ್ಟೆಂಬರ್ 1ರಿಂದ ಉಕ್ರೇನಿನ ಆರ್ಥೊಡಾಕ್ಸ್ ಚರ್ಚು ಮತ್ತು ಗ್ರೀಕ್ ಕ್ಯಾಥೊಲಿಕ್ ಚರ್ಚು ಎರಡೂ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವ ತಮ್ಮ ಸ್ಥಿರ ಹಬ್ಬಗಳನ್ನು ಹೊಸ ಪದ್ಧತಿಗೆ ಬದಲಾಯಿಸಿಕೊಂಡವು. ಡಿಸೆಂಬರ್ 19ಕ್ಕೆ ಬರುತ್ತಿದ್ದ ನಿಕೋಲಾ 6ಕ್ಕೆ ಬಂದ, 17ರ ವರ್ವಾರಾ 4ಕ್ಕೆ ಬಂದಳು, 13ರ ಅಂದ್ರೇಯ ನವೆಂಬರ್ 30ಕ್ಕೆ ಹೋದ.

ನಾನು ಅಲ್ಲಿದ್ದಾಗ ಅಂದ್ರೇಯನ ಹಬ್ಬದ ಮುನ್ನಾರಾತ್ರಿ ಹಾಸ್ಟೆಲಿನ ಅಂಗಳದಲ್ಲಿ ಸ್ಥಳೀಯ ಸಹಪಾಠಿಗಳು ಕಲೀತಾ ಆಟ ಆಡುತ್ತಿದ್ದರು. ಕಲೀತಾ ಎಂದರೆ ಜೇನು ಸವರಿದ, ನಡುವೆ ತೂತಿರುವ ದುಂಡನೆಯ ಸಿಹಿ ರೊಟ್ಟಿ. ಅದನ್ನು ಕೆಂಪು ದಾರದಲ್ಲಿ ಮೇಲಿನಿಂದ ತೂಗುಬಿಡುತ್ತಾರೆ. ಆಡುವವನು ಒಲೆ ಕೆದಕುವ ಕೋಲನ್ನು ಕುದುರೆಯಂತೆ ಏರಿ ಬಂದು, ಕೈ ಮುಟ್ಟಿಸದೆ ಹಾರಿ ಕಚ್ಚಬೇಕು. ಪಕ್ಕದಲ್ಲಿ ಕಾವಲಿಗೆ ನಿಂತವನು ನಗಿಸಲು ಏನೇನೋ ಕೇಳುತ್ತಾನೆ, ನಕ್ಕರೆ ಮುಖಕ್ಕೆ ಮಸಿ. ಹುಡುಗಿಯರು ಹಿಟ್ಟಿನ ಸಣ್ಣ ಉಂಡೆಗಳನ್ನು ಬೇಯಿಸಿ ನಾಯಿಯ ಮುಂದೆ ಸಾಲಾಗಿ ಇಡುತ್ತಾರೆ; ಯಾರ ಉಂಡೆಯನ್ನು ನಾಯಿ ಮೊದಲು ತಿನ್ನುತ್ತದೆಯೋ ಅವಳಿಗೆ ಮೊದಲು ಮದುವೆ. ಪೋಲೆಂಡಿನಲ್ಲಿ ಇದೇ ಸಂತನ ಹಿಂದಿನ ರಾತ್ರಿ ಬೀಗದ ಕೈಯ ಹಿಡಿಯ ತೂತಿನ ಮೂಲಕ ಕರಗಿದ ಮೇಣವನ್ನು ತಣ್ಣೀರಿಗೆ ಸುರಿದು, ಗಟ್ಟಿಯಾದ ಆಕಾರದ ನೆರಳನ್ನು ಗೋಡೆಯ ಮೇಲೆ ನೋಡುವುದನ್ನು ಅನೇಕರು ಬಲ್ಲಿರಿ.

ಈಗ ನನ್ನ ಪ್ರಶ್ನೆ: ಆಟವನ್ನು ಯಾವ ತಾರೀಖಿಗೂ ಒಯ್ಯಬಹುದು, ಗಾದೆಯನ್ನು ಒಯ್ಯಬಹುದೇ? ರಾತ್ರಿಯನ್ನು ಹರಿಯುವ ವರ್ವಾರಾ ಈಗ ಡಿಸೆಂಬರ್ 4ಕ್ಕೆ ಬರುತ್ತಾಳೆ. ಆ ದಿನ ಕೀವ್ ನಗರದಲ್ಲಿ ಸಂಜೆ ಇನ್ನೂ ಕುಗ್ಗುತ್ತಿರುತ್ತದೆ.

ಪಂಚಾಂಗಾಸಕ್ತ ಬರೆದಿದ್ದಾರೆ:

ಒಳ್ಳೆಯ ಪ್ರಶ್ನೆ, ಸರ್. ದಾಲ್ ಮತ್ತು ಅವರ ಸಮಕಾಲೀನರು ಗಾದೆಗಳನ್ನು ಬರೆದುಕೊಂಡ 19ನೆಯ ಶತಮಾನದಲ್ಲಿ ಪದ್ಧತಿಗಳ ಅಂತರ 12 ದಿನ. ಆಗ ವರ್ವಾರಾ ಇಂದಿನ ಲೆಕ್ಕದ ಡಿಸೆಂಬರ್ 16ಕ್ಕೆ ಬರುತ್ತಿದ್ದಳು, ಅಂದ್ರೇಯ 12ಕ್ಕೆ. ಕೀವ್ ಕೂಡ ಪ್ರಾಗ್‌ನಂತೆ 50 ಡಿಗ್ರಿಯ ಊರು. ಅಲ್ಲಿಯೂ ಅತಿ ಬೇಗನೆಯ ಸೂರ್ಯಾಸ್ತ ಡಿಸೆಂಬರ್ 12 ಅಥವಾ 13ರ ಸುಮಾರಿಗೆ. ವರ್ವಾರಾಳ ದಿನ ಸಂಜೆ ಹಿಗ್ಗತೊಡಗಿದ್ದನ್ನು ಅಲ್ಲಿನವರು ಕಣ್ಣಾರೆ ಕಂಡಿದ್ದರು. ಬಲ್ಗೇರಿಯಾ ಇನ್ನೂ ದಕ್ಷಿಣಕ್ಕೆ ಇರುವುದರಿಂದ ಆ ತಿರುವು ಅಲ್ಲಿ ಇನ್ನೂ ಕೆಲವು ದಿನ ಮೊದಲೇ ಬರುತ್ತದೆ, ಆದ್ದರಿಂದ ಅಂದ್ರೇಯನಿಗೂ ಆ ಗೌರವ ಸಂದದ್ದು ಸಹಜ. ಋತುಸಂಧಿ ಅವರು ಮೊದಲು ಕೇಳಿದ ಐವರಲ್ಲಿ ಉಳಿದಿದ್ದ ಇಬ್ಬರ ಲೆಕ್ಕವೂ ಇಲ್ಲಿಗೆ ಸರಿಹೋಗುತ್ತದೆ. ಬಲ್ಗೇರಿಯಾದ ಚರ್ಚು 1968ರಲ್ಲಿ ತಾರೀಖು ಬದಲಾಯಿಸಿದಾಗ ಅಂದ್ರೇಯ ಆ ತಿರುವಿನಿಂದ ದೂರವಾದ, ಅಲ್ಲಿಯವರೆಗೆ ಜನವರಿ 2ಕ್ಕೆ ಬರುತ್ತಿದ್ದ ಇಗ್ನಾತಿ ಡಿಸೆಂಬರ್ 20ಕ್ಕೆ, ಉತ್ತರಾಯಣದ ಬಾಗಿಲಿಗೇ ಬಂದು ನಿಂತ.

ಉಕ್ರೇನಿನಲ್ಲಿ ವರ್ವಾರಾಳ ಗಾದೆ ಇನ್ನು ಮುಂದೆ ಪುಸ್ತಕದಲ್ಲಿ ಉಳಿದೀತು, ನೋಡಿ ಹೇಳುವ ಮಾತಾಗಿ ಉಳಿಯಲಾರದು ಎಂದು ನನ್ನ ಅನಿಸಿಕೆ. ಹಾಗೆಂದು ಬದಲಾವಣೆಯನ್ನು ದೂರುವುದು ಸರಿಯಲ್ಲ. ಹಳೆಯ ಪದ್ಧತಿಯಲ್ಲೇ ಉಳಿದವರಿಗೂ ಇದು ತಪ್ಪಿದ್ದಲ್ಲ. 2100ರ ಮಾರ್ಚಿನಿಂದ ಅಂತರ 14 ದಿನಗಳಾಗುತ್ತದೆ.

ಹಾಸನದ ಓದುಗ ಬರೆದಿದ್ದಾರೆ:

ಚಳಿಗಾಲ ಮುಗಿಯುತ್ತದೆಂದು ಹೇಳುವ ಸಂತರು ಯಾರೂ ಇಲ್ಲವೇ?

ಜನಪದ ವಿದ್ಯಾರ್ಥಿ ಬರೆದಿದ್ದಾರೆ:

ಇದ್ದಾರೆ ಸರ್. ಬಲ್ಗೇರಿಯಾದಲ್ಲಿ ಜನವರಿ 18ರ ಸಂತ ಅಥನಾಸನ ದಿನವನ್ನು ನಡುಚಳಿಗಾಲ ಎಂದು ಎಣಿಸುತ್ತಾರೆ. ಅಂದು ಸಂತನು ರೇಷ್ಮೆಯ ಅಂಗಿ ತೊಟ್ಟು, ಬಿಳಿ ಕುದುರೆ ಏರಿ, ಬೆಟ್ಟದ ಮೇಲೆ ನಿಂತು, ಹೋಗು ಚಳಿಗಾಲವೇ, ಬಾ ಬೇಸಿಗೆಯೇ ಎಂದು ಕೂಗುತ್ತಾನಂತೆ. ಬಲ್ಗೇರಿಯಾದಲ್ಲಿಯೂ ಜನವರಿ ಅತಿ ಚಳಿಯ ತಿಂಗಳು. ರೇಷ್ಮೆ ಅಂಗಿಯ ಧೈರ್ಯ ಅವನಿಗೆ ಮಾತ್ರ ಇದ್ದೀತು. ಚೆಕ್ ಜನರು ಫೆಬ್ರವರಿ 24ರ ಮಥೀಯನ ಬಗ್ಗೆ ಹೇಳುವ ಮಾತು ಇನ್ನೂ ಪ್ರಾಮಾಣಿಕವಾದುದು: ಮಥೀಯ ಮಂಜುಗಡ್ಡೆಯನ್ನು ಒಡೆಯುತ್ತಾನೆ, ಇಲ್ಲದಿದ್ದರೆ ತಾನೇ ಮಾಡುತ್ತಾನೆ.

ಬ್ರನೋ ಕನ್ನಡತಿ ಬರೆದಿದ್ದಾರೆ:

ಇವೆರಡರ ನಡುವೆ ಫೆಬ್ರವರಿ 2ರ ಮೇಣದ ಬತ್ತಿಗಳ ಹಬ್ಬವನ್ನು ಮರೆಯಬಾರದು. ಅಂದು ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ತಂದ ಬತ್ತಿಯನ್ನು ವರ್ಷವಿಡೀ ಇಟ್ಟುಕೊಂಡು, ಗುಡುಗು ಸಿಡಿಲಿನ ಹೊತ್ತಿನಲ್ಲಿ ಕಿಟಕಿಯ ಬಳಿ ಹಚ್ಚುವುದು ಚೆಕ್, ಪೋಲಿಷ್ ಹಳ್ಳಿಗಳ ಹಳೆಯ ವಾಡಿಕೆ. ಅಂದಿಗೆ ಹಗಲು ಒಂದು ಗಂಟೆ ಹೆಚ್ಚು ಎಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಗಾದೆ. ಪ್ರಾಗ್‌ನ ಲೆಕ್ಕದಲ್ಲಿ ಅತಿ ಚಿಕ್ಕ ಹಗಲು 8 ಗಂಟೆಗಿಂತ ಕೆಲವೇ ನಿಮಿಷ ಹೆಚ್ಚು. ಫೆಬ್ರವರಿ 2ಕ್ಕೆ ಅದು ಸುಮಾರು 9 ಗಂಟೆ 20 ನಿಮಿಷವನ್ನು ಮುಟ್ಟುತ್ತಿರುತ್ತದೆ, ಅಂದರೆ ಗಾದೆ ಹೇಳಿದ್ದಕ್ಕಿಂತ ಹೆಚ್ಚೇ. ಆದರೆ ಸಂಜೆಯೊಂದನ್ನೇ ನೋಡಿದರೆ ಡಿಸೆಂಬರಿನಲ್ಲಿ 4ಕ್ಕೆ ಮುಳುಗುತ್ತಿದ್ದ ಸೂರ್ಯ ಆ ದಿನ 5ಕ್ಕೆ ಮುಳುಗುತ್ತಾನೆ, ಸರಿಯಾಗಿ ಒಂದು ಗಂಟೆ. ಲೂಸಿಯ ಗಾದೆಯಂತೆ ಇದನ್ನೂ ಸಂಜೆಯ ದೀಪ ಹಚ್ಚುವ ಹೊತ್ತನ್ನು ನೋಡುತ್ತಿದ್ದವರೇ ಕಟ್ಟಿರಬೇಕು ಎಂದು ನನಗೆ ತೋರುತ್ತದೆ.